ಸೈಕಾಲಜಿಸ್ಟ್ ಕೋಣೆಯೊಳಗೆ ಏನು ನಡೆಯುತ್ತದೆ?

ಕೈಯ ಚರ್ಮ ಒಡೆದಿದೆ, ಉರಿಯುತ್ತದೆ, ಮುಲಾಮು ಕೊಡಿ ಎಂದು ನನ್ನ ಕ್ಲಿನಿಕ್‌ಗೆ ಬರುವವರು ಬಹಳ. ಹೆಚ್ಚಿನವರಿಗೆ ಅದು ಪಾತ್ರೆ ತೊಳೆಯುವ ಸೋಪಿನ ತೊಂದರೆ. ಆದರೆ ಕೆಲವರಲ್ಲಿ ಬೆರಳ ಸಂದಿನಿಂದ ಮೊಣಕೈವರೆಗೆ, ಪಾದದಿಂದ ಹಿಮ್ಮಡಿಯವರೆಗೆ ಚರ್ಮ ಬಿಳಿಚಿಕೊಂಡು ಬಿರುಕು ಬಿಟ್ಟಿರುತ್ತದೆ. ವುಝೂವಿನ ಅಂಗಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ. "ವುಝೂ ಮಾಡಲು ನಿಮಗೆ ಎಷ್ಟು ಹೊತ್ತು ಬೇಕಾಗುತ್ತದೆ?" ಎಂದು ಕೇಳಿದರೆ ಅವರ ತಲೆ ತಗ್ಗುತ್ತದೆ. ಜೊತೆಗೆ ಬಂದ ಗಂಡನೋ ಉಮ್ಮನೋ ಉತ್ತರ ಕೊಡುತ್ತಾರೆ: "ಮುಕ್ಕಾಲು ಗಂಟೆ ಡಾಕ್ಟ್ರೇ. ಟ್ಯಾಂಕಿ ಖಾಲಿಯಾಗುತ್ತದೆ. ನಮಾಝ್‌ಗೆ ನಿಂತು, ಅರ್ಧದಲ್ಲಿ ಬಿಟ್ಟು, ಪುನಃ ನಲ್ಲಿಯ ಹತ್ತಿರ ಓಡುತ್ತಾಳೆ."

ನಮ್ಮ ಮನೆಗಳಲ್ಲಿ ಇದಕ್ಕೆ ವಸ್ವಾಸ್ ಎನ್ನುತ್ತಾರೆ. ಯಾವಾಗಲೋ ಒಮ್ಮೆ ಬರುವ ಸಂಶಯ ಎಲ್ಲರಿಗೂ ಇರುವುದೇ, ಅದು ರೋಗವಲ್ಲ. ಆದರೆ ಬೇಡವೆಂದರೂ ಬಿಡದ ಆಲೋಚನೆ ಮತ್ತು ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ ದಿನದ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ನುಂಗುತ್ತಿದ್ದರೆ, ಅಥವಾ ಮನೆಗೆಲಸ, ಓದು, ದಾಂಪತ್ಯಗಳನ್ನು ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಗೀಳು ಮನೋರೋಗ ಅಥವಾ ಓ.ಸಿ.ಡಿ. ಎಂದು ಕರೆಯುತ್ತಾರೆ. ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುವುದು ಹೆಚ್ಚು. ಮುಲಾಮಿನಿಂದ ಚರ್ಮ ಒಂದೆರಡು ವಾರದಲ್ಲಿ ಕೂಡುತ್ತದೆ. ತೊಳೆಯುವುದು ನಿಲ್ಲದಿದ್ದರೆ ಮತ್ತೆ ಒಡೆಯುತ್ತದೆ.

ಆಗ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರಿಗೆ ಚೀಟಿ ಬರೆದುಕೊಡುತ್ತೇನೆ. ಚೀಟಿ ನೋಡಿದ ಕೂಡಲೇ ಬರುವ ಪ್ರಶ್ನೆ ಒಂದೇ: "ನನಗೆ ಹುಚ್ಚು ಅಂತಲಾ?" ಎಷ್ಟೋ ಮಂದಿ ಆ ಚೀಟಿಯನ್ನು ಬ್ಯಾಗಿನಲ್ಲಿ ಮಡಚಿಟ್ಟು ವರ್ಷ ಕಳೆಯುತ್ತಾರೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಚಿಕಿತ್ಸೆ ಸಿಗದವರ ಪಾಲು, ರೋಗದ ಬಗೆಗೆ ತಕ್ಕಂತೆ, ನೂರಕ್ಕೆ 70ರಿಂದ 92. ಹೋಗಿ ಬಂದವರು ನನಗೆ ಹೇಳುವುದು ಮಾತ್ರ ಬೇರೆಯೇ: "ನಾವು ಹೆದರಿದ್ದ ಒಂದೂ ಅಲ್ಲಿ ಆಗಲಿಲ್ಲ." ಹಾಗಾದರೆ ಅಲ್ಲಿ ಏನಾಗುತ್ತದೆ ಎಂಬುದನ್ನು ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಯಾರು ಏನು ಮಾಡುತ್ತಾರೆ

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗಗಳಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದವರು. ಔಷಧ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಓದಿ, ಬಳಿಕ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಎರಡು ವರ್ಷದ ಎಂ.ಫಿಲ್. ತರಬೇತಿ ಪಡೆದವರು. ಈಚೆಗೆ ಈ ಕೋರ್ಸ್‌ಗಳ ಹೆಸರು ಬದಲಾಗುತ್ತಿದೆ. ಹಾಗಾಗಿ ಪದವಿಗಿಂತ ನೋಂದಣಿಯನ್ನು ನೋಡುವುದು ಸುಲಭ. ಭಾರತೀಯ ಪುನರ್ವಸತಿ ಪರಿಷತ್ತು, ಎಂದರೆ ಆರ್.ಸಿ.ಐ., ಇವರಿಗೆ ನೋಂದಣಿ ಸಂಖ್ಯೆ ಕೊಡುತ್ತದೆ. "ನಿಮ್ಮ ಆರ್.ಸಿ.ಐ. ನಂಬರ್ ಎಷ್ಟು?" ಎಂದು ಕೇಳುವುದರಲ್ಲಿ ಅಗೌರವವಿಲ್ಲ. ಸರಿಯಾದವರು ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ.

ಇವರು ಮಾತ್ರೆ ಬರೆಯುವುದಿಲ್ಲ, ಇಂಜೆಕ್ಷನ್ ಚುಚ್ಚುವುದಿಲ್ಲ, ಕರೆಂಟ್ ಕೊಡುವುದಿಲ್ಲ. ಸಂಮೋಹನ ಮಾಡಿ ಗುಟ್ಟು ಹೊರತೆಗೆಯುತ್ತಾರೆ ಎಂಬುದು ಸಿನಿಮಾದಲ್ಲಿ. ಇನ್ನು ಆಪ್ತ ಸಲಹೆಗಾರರು, ಕೌನ್ಸೆಲರ್‌ಗಳು. ಇವರಲ್ಲಿ ಒಳ್ಳೆಯ ತರಬೇತಿ ಪಡೆದವರಿದ್ದಾರೆ, ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಪರೀಕ್ಷೆಯ ಹೆದರಿಕೆಗೆ, ಮನೆಯ ಮನಸ್ತಾಪಕ್ಕೆ ಅವರು ಸಾಕಾಗಬಹುದು. ಗೀಳು, ತೀವ್ರ ಖಿನ್ನತೆ, ಮಗುವಿನ ಕಲಿಕೆಯ ತೊಂದರೆಗಳಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು.

ನನ್ನ ಬಗ್ಗೆಯೂ ಹೇಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಯುನಾನಿಯಲ್ಲಿ ಮನೋರೋಗ ಚಿಕಿತ್ಸೆಯ ಸ್ನಾತಕೋತ್ತರ ಪದವಿ ಮಾಡಿದವರನ್ನೂ ಮಾನಸಿಕ ಆರೋಗ್ಯ ತಜ್ಞರ ಸಾಲಿನಲ್ಲಿ ಸೇರಿಸಿದೆ. ನನ್ನಂತೆ ಬಿ.ಯು.ಎಂ.ಎಸ್. ಮಾಡಿದವರು ಆ ಸಾಲಿನಲ್ಲಿಲ್ಲ. ರೋಗವನ್ನು ಗುರುತಿಸಿ ಸರಿಯಾದ ಬಾಗಿಲು ತೋರಿಸುವುದು ನಮ್ಮ ಕೆಲಸ.

ಬಾಗಿಲು ಎಲ್ಲಿದೆ ಎಂದರೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳು. ಪ್ರತಿ ಜಿಲ್ಲೆಯಲ್ಲೂ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಅದರ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಹುದ್ದೆ ತುಂಬಿದೆಯೋ ಇಲ್ಲವೋ ಎಂದು ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಎಲ್ಲಿ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮೊದಲ ದಿನ

ಮೊದಲ ಭೇಟಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಹೋಗಬಹುದು. ನಾವು ಹಕೀಮರು ನಾಡಿ ಹಿಡಿದು ನೋಡುತ್ತೇವೆ, ಅವರು ಪ್ರಶ್ನೆ ಕೇಳಿ ನೋಡುತ್ತಾರೆ. ತೊಂದರೆ ಯಾವಾಗ ಶುರುವಾಯಿತು? ಆಗ ಮನೆಯಲ್ಲಿ ಏನಾಗಿತ್ತು? ಯಾವಾಗ ಹೆಚ್ಚು, ಯಾವಾಗ ಕಡಿಮೆ? ನಿದ್ದೆ, ಹಸಿವು ಹೇಗಿದೆ? ಬಾಲ್ಯ, ಶಾಲೆ, ಮದುವೆ, ಹೆರಿಗೆ, ಗಲ್ಫ್‌ನಲ್ಲಿರುವ ಗಂಡ, ಸಾಲ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ, ಎಲ್ಲವೂ ಬರುತ್ತದೆ. ಇವೆಲ್ಲ ಇವರಿಗೇಕೆ ಎನಿಸಬಹುದು. ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಗೆ "ಇದನ್ನು ಇನ್ನೊಮ್ಮೆ ಹೇಳುತ್ತೇನೆ" ಎನ್ನುವ ಹಕ್ಕು ನಿಮಗಿದೆ. ಅವರು ಬರೆದುಕೊಳ್ಳುತ್ತಾ ಹೋಗುತ್ತಾರೆ. ಅದು ಪೊಲೀಸ್ ಹೇಳಿಕೆಯಲ್ಲ, ಮುಂದಿನ ವಾರ ಮರೆಯದಿರಲು ಮಾಡಿಕೊಳ್ಳುವ ಟಿಪ್ಪಣಿ.

ಒಂದು ಪ್ರಶ್ನೆ ನಮ್ಮವರನ್ನು ಬೆಚ್ಚಿಬೀಳಿಸುತ್ತದೆ: "ಸಾಯಬೇಕು ಅನ್ನಿಸಿದ್ದುಂಟಾ?" ಇದನ್ನು ಎಲ್ಲರಿಗೂ ಕೇಳುತ್ತಾರೆ, ನಿಮ್ಮ ಮುಖ ನೋಡಿ ಕೇಳಿದ್ದಲ್ಲ. ಕೇಳಿದ್ದರಿಂದ ಇಲ್ಲದ ಯೋಚನೆ ತಲೆಗೆ ಹೊಗುವುದೂ ಇಲ್ಲ. ಅನ್ನಿಸಿದ್ದರೆ ಅನ್ನಿಸಿದೆ ಎಂದೇ ಹೇಳಿ. ಆತ್ಮಹತ್ಯೆ ಹರಾಂ ಎಂದು ಗೊತ್ತಿರುವವರಿಗೂ ಆ ಯೋಚನೆ ಬರುತ್ತದೆ, ಗೊತ್ತಿರುವುದರಿಂದಲೇ ಅದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುತ್ತಾರೆ. ಪ್ರಯತ್ನ ಮಾಡಿ ಬದುಕಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆ ಹೇಳುತ್ತದೆ.

ಹೆಣ್ಣುಮಕ್ಕಳು ಮಹಿಳಾ ಸೈಕಾಲಜಿಸ್ಟ್ ಬೇಕೆಂದು ಕೇಳಬಹುದು. ಈ ವೃತ್ತಿಯಲ್ಲಿ ಮಹಿಳೆಯರು ಸಾಕಷ್ಟಿದ್ದಾರೆ. ಪುರುಷರೇ ಇರುವ ಕಡೆ ಹೊರಗೆ ಮನೆಯವರು ಕುಳಿತಿರುವುದು, ಬಾಗಿಲಿನ ಗಾಜು ಮುಚ್ಚದಿರುವುದು ಮುಂತಾದ ಏರ್ಪಾಡನ್ನು ಮೊದಲೇ ಕೇಳಿಕೊಳ್ಳಿ. ಮೈ ಮುಟ್ಟಿ ಪರೀಕ್ಷಿಸುವ ಕೆಲಸ ಇಲ್ಲಿಲ್ಲ. ಹಿಜಾಬ್ ತೆಗೆಯಬೇಕಾದ ಪ್ರಸಂಗ ಬರುವುದಿಲ್ಲ. ಆದರೆ ಒಂದನ್ನು ಮನೆಯವರು ಒಪ್ಪಬೇಕು: ಸ್ವಲ್ಪ ಹೊತ್ತು ರೋಗಿಯೊಬ್ಬರನ್ನೇ ಕೂರಿಸಿ ಮಾತನಾಡುತ್ತಾರೆ. ಸೊಸೆಗೆ ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಕೊಡುವುದು ನನ್ನ ಕ್ಲಿನಿಕ್‌ನಲ್ಲಿ ದಿನವೂ ನಡೆಯುತ್ತದೆ. ಅಲ್ಲಿ ಅದು ನಡೆಯದು. ಬಳಿಕ ಮನೆಯವರನ್ನೂ ಕರೆದು ಅವರ ಮಾತು ಕೇಳುತ್ತಾರೆ. ಬ್ಯಾರಿ ಅಥವಾ ಉರ್ದು ಮಾತ್ರ ಬರುವ ಹಿರಿಯರಿದ್ದರೆ ಆ ಭಾಷೆ ಬಲ್ಲವರು ಸಿಗುತ್ತಾರೆಯೇ ಎಂದು ಕೇಳಿ. ಮೊಮ್ಮಕ್ಕಳನ್ನು ದುಭಾಷಿ ಮಾಡಬೇಡಿ. ಅಜ್ಜಿಯ ಒಳಗಿನ ಮಾತು ಹತ್ತು ವರ್ಷದ ಮಗುವಿನ ಬಾಯಿಂದ ಬರುವಂಥದ್ದಲ್ಲ.

ಹೋಗುವಾಗ ಹಳೆಯ ಚೀಟಿಗಳು, ಥೈರಾಯ್ಡ್, ರಕ್ತ ಪರೀಕ್ಷೆಯ ವರದಿ, ಈಗ ತಿನ್ನುತ್ತಿರುವ ಎಲ್ಲ ಔಷಧಗಳ ಪಟ್ಟಿ ಒಯ್ಯಿರಿ. ನಮ್ಮ ಮಜೂನ್, ಖಮೀರಾಗಳನ್ನೂ ಸೇರಿಸಿ. ಥೈರಾಯ್ಡ್ ಕಡಿಮೆಯಾದಾಗ, ರಕ್ತಹೀನತೆಯಾದಾಗ ಬರುವ ಸುಸ್ತು ಮತ್ತು ಮಂಕು ಖಿನ್ನತೆಯಂತೆಯೇ ಕಾಣಬಹುದು.

ಮೊದಲ ದಿನ ಮುಗಿದಾಗ ಬಹುಪಾಲು ಜನರಿಗೆ ನಿರಾಸೆಯಾಗುತ್ತದೆ. ಕೈಯಲ್ಲಿ ಬಾಟಲಿ ಇಲ್ಲ, ಮಾತ್ರೆ ಇಲ್ಲ, "ಬರೀ ಮಾತಾಡಿಸಿ ದುಡ್ಡು ತಗೊಂಡ್ರು." ಅತ್ತು ಬಂದವರಿಗೆ ಆ ರಾತ್ರಿ ತಲೆ ಭಾರವಾಗುವುದೂ ಉಂಟು. ಎರಡನೆಯ ಭೇಟಿಗೆ ಮೊದಲು ತೀರ್ಪು ಕೊಡಬೇಡಿ.

ಪರೀಕ್ಷೆಗಳು

ಕೆಲವರಿಗೆ ಕಾಗದದ ಮೇಲೆ ಪ್ರಶ್ನೆಗಳನ್ನು ಕೊಡುತ್ತಾರೆ. ಖಿನ್ನತೆಯ ಒಂದು ಪ್ರಶ್ನಾವಳಿಯಲ್ಲಿ ಒಂಬತ್ತೇ ಪ್ರಶ್ನೆ, ಒಟ್ಟು ಅಂಕ 27. ಇಲ್ಲಿ ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಗೀಳನ್ನು ಅಳೆಯಲೂ ಇಂಥದ್ದೇ ಅಳತೆಗೋಲಿದೆ. ತಿಂಗಳಿಗೊಮ್ಮೆ ಅದನ್ನೇ ಮತ್ತೆ ಕೊಟ್ಟು ಇಳಿದಿದೆಯೇ ಎಂದು ನೋಡುತ್ತಾರೆ, ನಾವು ಸಕ್ಕರೆ ಪರೀಕ್ಷೆ ಮಾಡಿಸುವಂತೆ. ಕೆಲವೊಮ್ಮೆ ಶಾಯಿ ಚೆಲ್ಲಿದಂಥ ಹತ್ತು ಚಿತ್ರಗಳನ್ನು ತೋರಿಸಿ ಏನು ಕಾಣುತ್ತದೆ ಎಂದು ಕೇಳುವುದುಂಟು. ಸ್ವಿಟ್ಸರ್ಲೆಂಡಿನ ರೋರ್ಷಾಕ್ 1921ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಸರಿ ತಪ್ಪು ಉತ್ತರ ಅದರಲ್ಲಿಲ್ಲ.

ಮಕ್ಕಳ ವಿಷಯದಲ್ಲಿ ಪರೀಕ್ಷೆಗಳಿಗೆ ಹೆಚ್ಚಿನ ಬೆಲೆಯಿದೆ. ಬುದ್ಧಿವಂತ ಹುಡುಗ, ಮಾತು ಚುರುಕು, ಆದರೆ ಐದನೇ ತರಗತಿಗೆ ಬಂದರೂ ಒತ್ತಕ್ಷರ ಓದಲಾರ. ಶಾಲೆಯಲ್ಲಿ ಏಟು, ಮದರಸದಲ್ಲಿ ಏಟು, ಮನೆಯಲ್ಲಿ ಸೋಮಾರಿ ಎಂಬ ಬೈಗುಳ. ಇದು ಕಲಿಕಾ ನ್ಯೂನತೆ ಆಗಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಸರಿಯಾದ ಪರೀಕ್ಷೆಯಾಗಿ ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳಿವೆ. ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಓಡಾಡುವುದಕ್ಕಿಂತ ನಾಲ್ಕನೇ ತರಗತಿಯಲ್ಲೇ ತೋರಿಸಿ. ಇಂದಿಗೂ ಬಳಸುವ ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಗೆ ನಮ್ಮ ಧಾರವಾಡದ ನಂಟಿದೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು.

ಹೇಳಿದ್ದು ಹೊರಗೆ ಹೋಗುತ್ತದೆಯೇ?

ಹೋಗುವುದಿಲ್ಲ. ಮಾನಸಿಕ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ರೋಗಿಯ ಕಾನೂನುಬದ್ಧ ಹಕ್ಕು. ಜಮಾಅತ್‌ಗೆ, ಮದುವೆ ಸಂಬಂಧ ನೋಡಲು ಬಂದವರಿಗೆ, ಕೆಲಸ ಕೊಟ್ಟವರಿಗೆ ಅವರು ಹೇಳುವಂತಿಲ್ಲ. ವಿನಾಯಿತಿಗಳಿವೆ: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸುತ್ತಾರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡಲೇಬೇಕು, ನ್ಯಾಯಾಲಯ ಕೇಳಿದರೆ ಕೊಡಬೇಕಾಗಬಹುದು. ಒಳ್ಳೆಯ ಸೈಕಾಲಜಿಸ್ಟ್ ಇದನ್ನು ಮೊದಲ ದಿನವೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ. ನಿಜ ಹೇಳುವುದಾದರೆ, ಸುದ್ದಿ ಹೊರಬೀಳುವುದು ಸೈಕಾಲಜಿಸ್ಟರಿಂದ ಅಲ್ಲ, "ಯಾರಿಗೂ ಹೇಳಬೇಡ" ಎಂದು ನಾವೇ ಫೋನಿನಲ್ಲಿ ಹೇಳಿಕೊಳ್ಳುವ ನೆಂಟರಿಂದ.

ವಸ್ವಾಸ್‌ಗೆ ಚಿಕಿತ್ಸೆ ಹೇಗೆ?

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ "ಮಾತಿನಿಂದ ರೋಗ ಹೋಗುತ್ತದಾ?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ವುಝೂ ಪುನಃ ಪುನಃ ಮಾಡುವ ಮಹಿಳೆಗೆ ಪ್ರತಿ ಸಲ ತೊಳೆದಾಗಲೂ ಎರಡು ನಿಮಿಷ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ರೋಗದ ಆಹಾರ. ತೊಳೆದರೆ ಮಾತ್ರ ಸಂಕಟ ಹೋಗುತ್ತದೆ ಎಂದು ಮಿದುಳು ಕಲಿತುಬಿಡುತ್ತದೆ. ತೊಳೆಯದೆ ಸುಮ್ಮನಿದ್ದರೂ ಸಂಕಟ ಏರಿ, ಸ್ವಲ್ಪ ಹೊತ್ತು ನಿಂತು, ತಾನೇ ಇಳಿಯುತ್ತದೆ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಚಿಕಿತ್ಸೆ ಆ ಅವಕಾಶವನ್ನು ಮಾಡಿಕೊಡುತ್ತದೆ. ಹೆದರಿಕೆಯನ್ನು ಎದುರಿಸುವುದು, ಎದುರಿಸಿದ ಮೇಲೆ ತೊಳೆಯದೆ ತಡೆದುಕೊಳ್ಳುವುದು, ಇಷ್ಟೇ ಅದರ ತಿರುಳು. ಕೇಳಲು ಸುಲಭ, ಮಾಡಲು ಕಷ್ಟ. ಅದಕ್ಕೇ ಪಕ್ಕದಲ್ಲಿ ಕಲಿತವರೊಬ್ಬರು ಬೇಕು.

ಮೊದಲು ಇಬ್ಬರೂ ಕೂತು ಒಂದು ಏಣಿ ಬರೆಯುತ್ತಾರೆ. ಸ್ನಾನದ ಕೋಣೆಯ ಬಾಗಿಲ ಹಿಡಿ ಮುಟ್ಟಿ ಕೈ ತೊಳೆಯದಿರುವುದಕ್ಕೆ ನೂರರಲ್ಲಿ 30 ಹೆದರಿಕೆ. ವುಝೂ ಒಂದೇ ಸಲ ಮಾಡಿ ಏಳುವುದಕ್ಕೆ 60. ತಕ್ಬೀರ್ ಹೇಳಿದ ಮೇಲೆ ಸಂಶಯ ಬಂದರೂ ನಮಾಝ್ ಬಿಡದಿರುವುದಕ್ಕೆ 90. ಕೆಳಗಿನ ಮೆಟ್ಟಿಲಿನಿಂದ ಶುರು. ಹಿಡಿ ಮುಟ್ಟಿ ಕೂರುವುದು, ಐದೈದು ನಿಮಿಷಕ್ಕೆ ಸಂಕಟ ಎಷ್ಟಿದೆ ಎಂದು ಅಂಕೆಯಲ್ಲಿ ಬರೆಯುವುದು. ಮೊದಲು ಏರುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಇಳಿಯತೊಡಗುತ್ತದೆ. ಮರುದಿನ ಅಷ್ಟು ಏರುವುದಿಲ್ಲ. ಆಮೇಲೆ ಮುಂದಿನ ಮೆಟ್ಟಿಲು. ಸೈಕಾಲಜಿಸ್ಟ್ ಜೊತೆ ವಾರಕ್ಕೆ ಒಂದು ಗಂಟೆ, ಉಳಿದ 167 ಗಂಟೆ ಮನೆಯಲ್ಲಿ. ಆದ್ದರಿಂದ ಮನೆಪಾಠ ಕೊಡುತ್ತಾರೆ. ಅದನ್ನು ಮಾಡದೆ ಭೇಟಿಗೆ ಮಾತ್ರ ಹೋದರೆ ಪ್ರಯೋಜನ ಅಷ್ಟಕ್ಕಷ್ಟೇ.

"ಅವರು ನಮ್ಮ ಧರ್ಮದವರಲ್ಲ, ವುಝೂ ಇಲ್ಲದೆ ನಮಾಝ್ ಮಾಡು ಎಂದರೆ?" ಎಂಬ ಭಯ ಸಹಜ. ಗೀಳಿನ ಚಿಕಿತ್ಸೆ ಬಲ್ಲವರು ಧರ್ಮದ ಮಿತಿಯನ್ನು ಮೀರಿಸುವುದಿಲ್ಲ, ರೋಗವು ಮೀರಿಸಿದ್ದನ್ನು ಮಿತಿಯೊಳಗೆ ತರುತ್ತಾರೆ. ಮಿತಿ ಎಲ್ಲಿದೆ ಎಂದು ನಿಮ್ಮ ಖತೀಬರ ಬಳಿ ಒಂದೇ ಒಂದು ಸಲ ಕೇಳಿ, ಬರೆಸಿಕೊಂಡು ಸೈಕಾಲಜಿಸ್ಟರಿಗೆ ಕೊಡಿ. ಅಂಗಗಳನ್ನು ಮೂರು ಸಲಕ್ಕಿಂತ ಹೆಚ್ಚು ತೊಳೆಯುವಂತಿಲ್ಲ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಮದ್‌ಹಬ್‌ಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿದ್ದರೂ ಅದು ಒಂದು ಲೀಟರಿನ ಆಸುಪಾಸು ಮೀರದು. ನಲ್ಲಿ ಬಿಟ್ಟು ಒಂದು ಲೀಟರ್ ಬಾಟಲಿಯಲ್ಲಿ ವುಝೂ ಮಾಡುವುದನ್ನು ಏಣಿಯ ಒಂದು ಮೆಟ್ಟಿಲಾಗಿ ಇಡಬಹುದು. ವುಝೂ ಆಗಿದೆ ಎಂಬುದು ಖಚಿತವಿದ್ದು ಮುರಿಯಿತೇ ಎಂಬುದು ಬರೀ ಸಂಶಯವಾದರೆ ವುಝೂ ಉಳಿಯುತ್ತದೆ ಎಂಬ ಫಿಕ್ಹ್‌ನ ನಿಯಮವನ್ನೂ ಅವರಿಗೆ ತಿಳಿಸಿ. ಒಂದೇ ಸಲ ಕೇಳಿ ಎಂದೆನಲ್ಲ, ಕಾರಣವಿದೆ. ದಿನಕ್ಕೊಬ್ಬ ಉಸ್ತಾದರಿಗೆ ಫೋನ್ ಮಾಡಿ "ಇದಾದರೆ? ಅದಾದರೆ?" ಎಂದು ಕೇಳುತ್ತಾ ಹೋಗುವುದೂ ತೊಳೆಯುವುದರ ಇನ್ನೊಂದು ರೂಪವೇ.

ಗಂಡಸರಲ್ಲಿ ಮೂತ್ರದ ಹನಿಯ ಸಂಶಯ ಹೆಚ್ಚು. ಅರ್ಧ ಗಂಟೆ ಶೌಚಾಲಯದಲ್ಲಿ ಕೆಮ್ಮುತ್ತಾ, ಬಟ್ಟೆ ಪರೀಕ್ಷಿಸುತ್ತಾ ನಿಲ್ಲುವವರಿದ್ದಾರೆ. ಐವತ್ತು ದಾಟಿದವರಾದರೆ ಮೊದಲು ಪ್ರಾಸ್ಟೇಟ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಅಲ್ಲಿ ಏನೂ ಇಲ್ಲದಿದ್ದರೆ ಇದೂ ಅದೇ ಚಿಕಿತ್ಸೆಗೆ ಸೇರಿದ್ದು.

ಇನ್ನೂ ಕೆಲವರಿಗೆ ತೊಳೆಯುವ ಗೀಳು ಇರುವುದಿಲ್ಲ. ಅಲ್ಲಾಹನ ಬಗ್ಗೆ, ಪ್ರವಾದಿ(ಸ)ರ ಬಗ್ಗೆ ಬಾಯಲ್ಲಿ ಹೇಳಲಾಗದ ಆಲೋಚನೆಗಳು ನಮಾಝ್‌ನಲ್ಲೇ ನುಗ್ಗುತ್ತವೆ. ಈಮಾನ್ ಹೋಯಿತೆಂದು ರಾತ್ರಿಯಿಡೀ ಅಳುತ್ತಾರೆ, ಯಾರಿಗೂ ಹೇಳರು. ಇಂಥ ಆಲೋಚನೆಗಳ ಬಗ್ಗೆ ಸಹಾಬಿಗಳೂ ಪ್ರವಾದಿ(ಸ)ರ ಬಳಿ ನೊಂದು ಹೇಳಿಕೊಂಡಿದ್ದರು, ಅವರಿಗೆ ಸಾಂತ್ವನವೇ ಸಿಕ್ಕಿತು ಎಂಬುದನ್ನು ನೆನಪಿಡಿ. ಸೈಕಾಲಜಿಸ್ಟರಿಗೂ ಇದು ಹೊಸದಲ್ಲ. ಎಲ್ಲ ಧರ್ಮದ ರೋಗಿಗಳೂ ತಮ್ಮ ತಮ್ಮ ಪವಿತ್ರ ವಿಷಯಗಳ ಬಗ್ಗೆಯೇ ಹೀಗೆ ನರಳುತ್ತಾರೆ. ಆಲೋಚನೆ ಏನೆಂದು ಹೇಳಲು ನಾಲಿಗೆ ಏಳದಿದ್ದರೆ "ಕೆಟ್ಟ ಆಲೋಚನೆ" ಎಂದಷ್ಟೇ ಹೇಳಿ, ಅವರಿಗೆ ತಿಳಿಯುತ್ತದೆ.

ಮನೆಯವರಿಗೆ ಇಲ್ಲಿ ಕಷ್ಟದ ಪಾಠವಿದೆ. "ಉಮ್ಮಾ, ಕಾಲು ಸರಿಯಾಗಿ ತೊಳೆದೆನಾ?" ಎಂದು ಮಗಳು ಇಪ್ಪತ್ತು ಸಲ ಕೇಳುತ್ತಾಳೆ, ತಾಯಿ ಪ್ರೀತಿಯಿಂದ ಇಪ್ಪತ್ತು ಸಲ "ಆಯ್ತು ಮೋಳೆ" ಎನ್ನುತ್ತಾಳೆ. ಆ ಉತ್ತರವೂ ರೋಗಕ್ಕೆ ಊಟ. ಸೈಕಾಲಜಿಸ್ಟ್ ತಾಯಿಯನ್ನು ಕೂರಿಸಿ, ಗದರದೆ, ಉತ್ತರವನ್ನೂ ಕೊಡದೆ "ಇದು ವಸ್ವಾಸ್‌ನ ಪ್ರಶ್ನೆ, ಇದಕ್ಕೆ ನಾನು ಉತ್ತರ ಹೇಳುವುದಿಲ್ಲ, ಬಾ, ಚಾ ಕುಡಿಯೋಣ" ಎನ್ನಲು ಕಲಿಸುತ್ತಾರೆ. ಮೊದಲ ವಾರ ಮಗಳು ಸಿಟ್ಟಾಗುತ್ತಾಳೆ. ಸಹಿಸಬೇಕು.

ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಭೇಟಿಗಳು ಬೇಕಾಗುತ್ತವೆ. ಖಿನ್ನತೆ, ಗಾಬರಿ, ಸಾವಿನ ದುಃಖ ಮುಂತಾದವುಗಳಿಗೆ ವಿಧಾನ ಬೇರೆ. ಖಿನ್ನತೆಯಲ್ಲಿ ದಿನದ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುತ್ತಾರೆ, "ನಾನು ಯಾವುದಕ್ಕೂ ಬೇಡದವಳು" ಎಂಬಂಥ ಯೋಚನೆಯನ್ನು ಹಿಡಿದು ಪರಿಶೀಲಿಸಲು ಕಲಿಸುತ್ತಾರೆ.

ಇದು ಹೊರಗಿನಿಂದ ಬಂದ ವಿದ್ಯೆಯೇ?

ಹಾಗೆನ್ನುವವರಿಗೆ ಅಬೂ ಝೈದ್ ಅಲ್-ಬಲ್ಖಿಯವರ ಹೆಸರು ಹೇಳುತ್ತೇನೆ. ಕ್ರಿ.ಶ. 934ರಲ್ಲಿ ತೀರಿಕೊಂಡವರು. ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ ಮೀಸಲಾದ ಅವರ ಗ್ರಂಥದ ಎರಡನೇ ಭಾಗದಲ್ಲಿ ಸಿಟ್ಟು, ಭಯ, ದುಃಖ ಮತ್ತು ವಸ್ವಾಸ್‌ಗಳನ್ನು ಬೇರೆ ಬೇರೆಯಾಗಿ ವಿವರಿಸಿ, ಆಲೋಚನೆಯ ಮೂಲಕವೇ ಚಿಕಿತ್ಸೆ ಹೇಳಿದ್ದಾರೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳೆಂದು ಯುನಾನಿ ವಿದ್ಯಾರ್ಥಿ ಮೊದಲ ವರ್ಷವೇ ಬಾಯಿಪಾಠ ಮಾಡುವ ಪಟ್ಟಿಯಲ್ಲಿ ಗಾಳಿ, ಅನ್ನ ನೀರು, ನಿದ್ದೆಗಳ ಜೊತೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಇದೆ. 1284ರಲ್ಲಿ ಕೈರೋದಲ್ಲಿ ಕಟ್ಟಿದ ಕಲಾವೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ನಮ್ಮ ಹಿರಿಯರು ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡ ರೋಗವನ್ನು ನಾವು ಅಡುಗೆಕೋಣೆಯ ಹಿಂದೆ ಬಚ್ಚಿಡುತ್ತಿದ್ದೇವೆ.

ದುಆ, ಕುರ್‌ಆನ್ ಪಾರಾಯಣ ಮಾಡುತ್ತಿದ್ದರೆ ಮುಂದುವರಿಸಿ, ಸೈಕಾಲಜಿಸ್ಟರಿಗೂ ಹೇಳಿ. ಅವರು ತಡೆಯುವುದಿಲ್ಲ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಬೇರೆ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಕೊಟ್ಟಿಗೆಯೊಂದಕ್ಕೆ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾಗದೆ ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರು ಅವರವರ ಮನೆಯವರೇ, ಗುಣವಾಗಲೆಂದೇ. ಮನೋರೋಗಿಯನ್ನು ಸಂಕೋಲೆಯಲ್ಲಿಡುವುದು ಈಗ ಕಾನೂನಿನಲ್ಲಿ ನಿಷಿದ್ಧ.

ಮಾತ್ರೆ, ಮಜೂನ್, ರಂಝಾನ್

ಗೀಳು ತೀವ್ರವಾಗಿದ್ದರೆ ಸೈಕಾಲಜಿಸ್ಟ್ ನಿಮ್ಮನ್ನು ಮನೋವೈದ್ಯರ ಬಳಿಗೂ ಕಳಿಸುತ್ತಾರೆ. ಆ ಮಾತ್ರೆಗಳು ಗೀಳಿನಲ್ಲಿ ಪೂರ್ತಿ ಕೆಲಸ ಮಾಡಲು ಎಂಟರಿಂದ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಡಬೇಡಿ. ಗುಣ ಕಂಡ ಕೂಡಲೇ ತಾವಾಗಿ ನಿಲ್ಲಿಸಬೇಡಿ. ಅನೇಕ ಮಾತ್ರೆಗಳು ದಿನಕ್ಕೊಂದೇ, ರಂಝಾನ್‌ನಲ್ಲಿ ಇಫ್ತಾರ್ ಬಳಿಕ ಅಥವಾ ಸಹರಿಗೆ ಹೊಂದಿಸಬಹುದು. ಇದನ್ನು ಶಅಬಾನ್‌ನಲ್ಲೇ ವೈದ್ಯರ ಬಳಿ ಕೇಳಿ. ಲಿಥಿಯಂ ತಿನ್ನುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಲೇಬಾರದು. ದೇಹದಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗಬಹುದು.

ನಮ್ಮ ಪದ್ಧತಿಯ ಬಗ್ಗೆಯೂ ಒಂದು ಎಚ್ಚರಿಕೆ. ನಿದ್ದೆಗೆ, ಬಿ.ಪಿ.ಗೆ ಕೊಡುವ ಕೆಲವು ಯುನಾನಿ ಮಾತ್ರೆಗಳಲ್ಲಿ ಅಸ್ರೋಲ್, ಅಂದರೆ ಸರ್ಪಗಂಧ ಇರುತ್ತದೆ. ಖಿನ್ನತೆ ಇರುವವರಲ್ಲಿ ಅದು ಮನಸ್ಸನ್ನು ಇನ್ನಷ್ಟು ಕುಗ್ಗಿಸಬಹುದು. ಸಹಜ ಔಷಧ, ಏನೂ ಆಗದು ಎಂದು ಅಂಗಡಿಯಿಂದ ತಂದು ಮಾತ್ರೆಯ ಜೊತೆ ಸೇರಿಸಬೇಡಿ.

ಕೆಲವು ಸ್ಥಿತಿಗಳಲ್ಲಿ ಸೈಕಾಲಜಿಸ್ಟರ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು. ಸಾಯುವ ಸಿದ್ಧತೆ ಮಾಡುತ್ತಿರುವವರು, ಯಾರೂ ಇಲ್ಲದಿದ್ದರೂ ದನಿ ಕೇಳುವವರು, ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ನಿದ್ದೆ ಪೂರ್ತಿ ಕೆಟ್ಟು ಅಸಂಬದ್ಧ ಮಾತನಾಡುವ ಬಾಣಂತಿ, ಇವರನ್ನು ಮನೋವೈದ್ಯರಿರುವ ಆಸ್ಪತ್ರೆಗೆ ಅದೇ ದಿನ ಕರೆದೊಯ್ಯಿರಿ. ಬಾಣಂತಿಗೆ ಜಿನ್ನ್ ಹಿಡಿದಿದೆ ಎಂದು ನಲವತ್ತು ಮುಗಿಯುವವರೆಗೆ ಕಾದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಸೈಕಾಲಜಿಸ್ಟರಲ್ಲೂ ಎಲ್ಲರೂ ಒಂದೇ ಅಲ್ಲ. ಮೂರು ಭೇಟಿಯಲ್ಲಿ ಪೂರ್ತಿ ಗುಣ ಎಂದು ಗ್ಯಾರಂಟಿ ಕೊಡುವವರು, ನಿಮ್ಮ ನಂಬಿಕೆಯನ್ನು ಗೇಲಿ ಮಾಡುವವರು, ಕ್ಲಿನಿಕ್‌ನ ಹೊರಗೆ ಭೇಟಿಯಾಗಲು ಕರೆಯುವವರು ಸಿಕ್ಕರೆ ಎದ್ದು ಬನ್ನಿ, ಬೇರೆಯವರ ಬಳಿ ಹೋಗಿ. ಅಂಥ ದೋಷವೇನೂ ಇಲ್ಲದೆ ಬರೀ ಹೊಂದಾಣಿಕೆ ಆಗದಿದ್ದರೆ ಮೂರು ನಾಲ್ಕು ಭೇಟಿ ನೋಡಿ, ಹಾಗೆಂದೇ ಅವರಿಗೆ ಹೇಳಿ. ಇನ್ನೊಬ್ಬರ ಹೆಸರನ್ನು ಅವರೇ ಸೂಚಿಸುತ್ತಾರೆ.

ತೊಂದರೆ ಇಳಿದಂತೆ ಭೇಟಿಗಳು ಎರಡು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಆಗುತ್ತವೆ. ಪರೀಕ್ಷೆ, ಹೆರಿಗೆ, ಮನೆಯಲ್ಲೊಂದು ಸಾವು, ಹಜ್ಜ್‌ಗೆ ಹೊರಡುವ ತಯಾರಿ ಮುಂತಾದ ಹೊತ್ತಿನಲ್ಲಿ ವಸ್ವಾಸ್ ಮತ್ತೆ ತಲೆ ಎತ್ತಬಹುದು. ಆಗ ಒಂದೆರಡು ಭೇಟಿಗೆ ಮರಳಿ ಹೋಗಿ, ಹಳೆಯ ಏಣಿಯನ್ನು ಜೊತೆಗೆ ಒಯ್ಯಿರಿ.

ಮೊದಲ ಫೋನ್ ಮಾಡುವಾಗ ಕತೆಯೆಲ್ಲ ಹೇಳಬೇಕಿಲ್ಲ. ವಯಸ್ಸು, ಊರು, "ತೊಳೆಯುವ ಗೀಳು" ಅಥವಾ "ನಿದ್ದೆ ಇಲ್ಲ, ಬೇಸರ" ಎಂಬ ಒಂದು ಮಾತು, ಯಾವ ಭಾಷೆ, ಮಹಿಳೆಯೇ ಬೇಕೇ, ಫೀಸ್ ಎಷ್ಟು, ಎಷ್ಟು ಹೊತ್ತು, ಇಷ್ಟು ಸಾಕು. ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ಆದರೆ ಝುಹರ್‌ಗೆ ಎಲ್ಲಿ ಅನುಕೂಲವಿದೆ ಎಂದೂ ಕೇಳಿಕೊಳ್ಳಿ.